ಗೋಲ್ಡ್‌ಫಿಶ್‌ಗಳನ್ನು ಬೇರೆ ಮನೆಗೆ ಕೊಡುವ ಮುನ್ನ

ಸಾಕಿದ ಗೋಲ್ಡ್‌ಫಿಶ್‌ಗಳನ್ನು ಬೇರೆಯವರಿಗೆ ಒಪ್ಪಿಸಬೇಕಾಗಿ ಬಂದವರು ಮೊದಲು ಕೇಳಬೇಕಾದದ್ದು, ಹೊಸ ತೊಟ್ಟಿಯಲ್ಲಿ ಫಿಲ್ಟರ್ ಎಷ್ಟು ದಿನಗಳಿಂದ ಓಡುತ್ತಿದೆ ಎಂಬುದನ್ನು. ಈ ಮೀನುಗಳು ತಮಗೇ ವಿಷವಾಗುವ ಅಮೋನಿಯವನ್ನು ಬಹಳಷ್ಟು ಹೊರಹಾಕುತ್ತವೆ. ಅದನ್ನು ಹಂತಹಂತವಾಗಿ ಕಡಿಮೆ ಹಾನಿಕರವಾದ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾಗಳು ಫಿಲ್ಟರ್‌ನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕಾಗುವುದರಿಂದ, ಥಳಥಳಿಸುವ ಹೊಸ ತೊಟ್ಟಿಯೇ ಹಲವು ಬಾರಿ ಮೀನಿಗೆ ಮುಳುವಾಗುತ್ತದೆ. ಆದ್ದರಿಂದ ನಿಮ್ಮ ಹಳೆಯ ಫಿಲ್ಟರ್‌ನ ಸ್ಪಂಜನ್ನು ತೊಳೆಯದೆ, ತೊಟ್ಟಿಯ ನೀರಿನಲ್ಲೇ ಒದ್ದೆಯಾಗಿಟ್ಟು, ಮೀನುಗಳ ಜೊತೆಗೇ ಕಳುಹಿಸಿಕೊಡಿ.

ದುಂಡು ಗಾಜಿನ ಬೋಗುಣಿಯಲ್ಲಿ ಇಡುತ್ತೇವೆ ಎನ್ನುವವರಿಗೆ, ಅವರು ನೆಂಟರೇ ಆಗಿರಲಿ, ಕೊಡಬಾರದೆಂಬುದು ನನ್ನ ಅಭಿಪ್ರಾಯ. ಇಂದು ಬೆರಳುದ್ದವಿರುವ ಮೀನು 15 ಸೆಂಟಿಮೀಟರ್ ಮೀರಿ ಬೆಳೆದು, ಹತ್ತು ವರ್ಷಕ್ಕೂ ಹೆಚ್ಚು ಬಾಳಬಲ್ಲದು. ಸಾಗಿಸುವ ಹಿಂದಿನ ದಿನ ಆಹಾರ ಹಾಕಬೇಡಿ. ಚೀಲದಲ್ಲಿ ಮೂರನೆಯ ಒಂದು ಭಾಗ ನೀರು, ಉಳಿದದ್ದು ಗಾಳಿ ಇರಲಿ. ತಲುಪಿದ ಮೇಲೆ ಚೀಲವನ್ನು ಸುಮಾರು 20 ನಿಮಿಷ ಹೊಸ ನೀರಿನ ಮೇಲೆ ತೇಲಿಸಿ, ಆ ನೀರಿನ ಕ್ಲೋರಿನ್ ತೆಗೆದಿದ್ದಾರೆಯೇ ಎಂದು ವಿಚಾರಿಸಿ. ಯಾರೂ ಸಿಗಲಿಲ್ಲವೆಂದು ಕೆರೆಗೆ ಮಾತ್ರ ಬಿಡಬೇಡಿ, ಅಲ್ಲಿನ ಸ್ಥಳೀಯ ಜೀವಿಗಳಿಗೆ ಅದು ಹಾನಿಕರ. ವಾರದ ನಂತರ ಒಂದು ವಿಡಿಯೊ ಕಳುಹಿಸುವಂತೆ ಕೇಳಲು ಸಂಕೋಚಪಡಬೇಕಾಗಿಲ್ಲ. ಮೀನು ಮೇಲ್ಮೈಗೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಕೂಡಲೇ ಸ್ವಲ್ಪ ನೀರು ಬದಲಿಸಲು ತಿಳಿಸಿ.