ಗಾಳದ ಸಿಗಡಿಗೆ ಹಿಂದಿನ ರಾತ್ರಿಯೇ ಉಪ್ಪು ಹಾಕಿಡಿ

ಮಲ್ಪೆ, ಸೋಮೇಶ್ವರ, ಗೋಕರ್ಣದಂಥ ಮರಳು ದಂಡೆಗಳಲ್ಲಿ ನಿಂತು ಇಡೀ ದಿನ ಗಾಳ ಹಾಕುವ ಯೋಜನೆ ಇದ್ದರೆ, ಕೊಕ್ಕೆಗೆ ಎರೆಯಾಗಿ ಸಿಕ್ಕಿಸುವ ಸಿಗಡಿಯ ತಲೆ ಮತ್ತು ಚಿಪ್ಪನ್ನು ತೆಗೆದು, ಕಿರುಬೆರಳಿನ ಉಗುರಿನಷ್ಟು ತುಂಡುಗಳಾಗಿ ಕತ್ತರಿಸಿ, ಹರಳುಪ್ಪಿನ ಪದರಗಳ ನಡುವೆ ಹರಡಿ ಒಂದು ರಾತ್ರಿ ಫ್ರಿಜ್ಜಿನಲ್ಲಿ ಇಡಿ. ಬೆಳಿಗ್ಗೆ ಇಳಿದ ನೀರನ್ನು ಚೆಲ್ಲಿ ಡಬ್ಬಿಗೆ ತುಂಬಿಕೊಂಡರೆ ಸಾಕು. ಉಪ್ಪು ಮಾಂಸದೊಳಗಿನ ನೀರನ್ನು ಹೊರಗೆಳೆಯುವುದರಿಂದ ತುಂಡು ಬಿಗಿಯಾಗುತ್ತದೆ, ಆದ್ದರಿಂದ ಬೀಸಿ ಎಸೆಯುವಾಗಲೂ ದಡಕ್ಕೆ ಬಡಿಯುವ ಅಲೆಗಳ ಎಳೆತದಲ್ಲೂ ಅದು ಕೊಕ್ಕೆಯಿಂದ ಸುಲಭವಾಗಿ ಕಳಚುವುದಿಲ್ಲ. ಜೊತೆಗೆ ಕರಾವಳಿಯ ಮಧ್ಯಾಹ್ನದ ಬಿಸಿಲಿನಲ್ಲಿ ತಾಜಾ ಸಿಗಡಿಗಿಂತ ಬಹಳ ಹೊತ್ತು ಕೆಡದೆ ಉಳಿಯುತ್ತದೆ. ಮರಳಿನ ತಳದಲ್ಲಿ ಮೇಯುವ ಕಾಣೆ ಮೀನಿಗೆ ಇದು ವಿಶೇಷವಾಗಿ ಒಪ್ಪುತ್ತದೆ, ಏಕೆಂದರೆ ಅದರ ಬಾಯಿ ಚಿಕ್ಕದು, ಮತ್ತು ಮೆತ್ತನೆಯ ಎರೆಯನ್ನು ಅದು ಕೊಕ್ಕೆಗೆ ಸಿಗದೆಯೇ ಕಚ್ಚಿ ಕಚ್ಚಿ ಕಿತ್ತುಕೊಂಡು ಹೋಗುತ್ತದೆ. ಆದರೆ ಎರಡು ಮೂರು ದಿನ ಉಪ್ಪಿನಲ್ಲೇ ಬಿಟ್ಟರೆ ಸಿಗಡಿ ಚರ್ಮದಂತೆ ಒಣಗಿ ಗಟ್ಟಿಯಾಗುತ್ತದೆ, ಕೊಕ್ಕೆಯ ಮೊನೆ ಅದರೊಳಗೇ ಹೂತುಹೋಗಿ ಮೀನಿನ ಬಾಯಿಗೆ ನಾಟುವುದಿಲ್ಲ. ಅಂಥ ತುಂಡನ್ನು ಸಮುದ್ರದ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಬಳಸಬಹುದಾದರೂ ತಾಜಾತನ ಮರಳಿ ಬಾರದು. ಏಡಿಗಳು ಹೆಚ್ಚಿರುವ ಜಾಗದಲ್ಲಂತೂ ಈ ಉಪಾಯ ನಡೆಯುವುದೇ ಇಲ್ಲ, ಅವು ಎಷ್ಟೇ ಬಿಗಿಯಾದ ಎರೆಯನ್ನೂ ಚಿವುಟಿ ತಿನ್ನುತ್ತವೆ, ಹಾಗಾಗಿ ಅಲ್ಲಿ ಐವತ್ತು ಹೆಜ್ಜೆ ಸರಿದು ಬೇರೆ ಕಡೆ ಎಸೆಯುವುದೇ ಮೇಲು. ಚಲಿಸುವ ಬೇಟೆಯನ್ನೇ ಬೆನ್ನಟ್ಟುವ ದೊಡ್ಡ ಮೀನುಗಳಿಗೂ ಇದನ್ನು ನೆಚ್ಚಿಕೊಳ್ಳಬೇಡಿ.