ಹಳ್ಳ ಚೆನ್ನಾಗಿದೆಯಾ? ಕಲ್ಲು ಮಗುಚಿ ನೋಡಿ

ನೀರು ತಿಳಿಯಾಗಿದೆ ಅಂದ ಮಾತ್ರಕ್ಕೆ ಹಳ್ಳ ಚೆನ್ನಾಗಿದೆ ಎನ್ನಲು ಬರುವುದಿಲ್ಲ. ಸಿದ್ದಾಪುರ ತಾಲ್ಲೂಕಿನಲ್ಲಿ ನಮ್ಮದು ಅಡಿಕೆ ತೋಟ. ಪಕ್ಕದ ಹಳ್ಳ ಮುಂದೆ ಹೋಗಿ ಅಘನಾಶಿನಿ ನದಿಗೆ ಸೇರುತ್ತದೆ. ನಾನು ಅದರ ಬಣ್ಣ ನೋಡುವುದಿಲ್ಲ, ಕಲ್ಲಿನ ಅಡಿಯ ಹುಳ ನೋಡುತ್ತೇನೆ. ಬಾಟಲಿಯಲ್ಲಿ ಹಿಡಿದ ನೀರು ಆ ಹೊತ್ತಿನದನ್ನಷ್ಟೇ ಹೇಳುತ್ತದೆ. ಹುಳ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ, ನಡುವೆ ಏನಾಯಿತೋ ಎಲ್ಲ ಅನುಭವಿಸಿರುತ್ತದೆ.

ಮಳೆಗಾಲದಲ್ಲಿ ಹಳ್ಳಕ್ಕೆ ಇಳಿಯಬೇಡಿ. ಅಪಾಯವಂತೂ ಸರಿ, ಹುಳಗಳೂ ಕೊಚ್ಚಿಹೋಗಿರುತ್ತವೆ. ದೀಪಾವಳಿ ಕಳೆದು ನೀರು ಇಳಿದ ಮೇಲೆ ಒಮ್ಮೆ, ಫೆಬ್ರವರಿಯಲ್ಲಿ ಇನ್ನೊಮ್ಮೆ ನೋಡಿದರೆ ಸಾಕು.

ಎರಡು ಜಾಗ ಆರಿಸಿಕೊಳ್ಳಿ. ಒಂದು, ಬೆಟ್ಟದಿಂದ ಹಳ್ಳ ಇಳಿಯುವಲ್ಲಿ, ತೋಟಗಳಿಗಿಂತ ಮೇಲೆ. ಇನ್ನೊಂದು, ಊರು ತೋಟ ಎಲ್ಲ ದಾಟಿದ ಮೇಲೆ. ನಮ್ಮಲ್ಲಿ ಅದು ಸಂಕದ (ಕಾಲುಸೇತುವೆಯ) ಕೆಳಗೆ. ಎರಡೂ ಕಡೆ ಕಲ್ಲಿನ ಮೇಲೆ ನೀರು ಸದ್ದು ಮಾಡುತ್ತಾ ಹರಿಯುವ, ಮೊಣಕಾಲಿಗಿಂತ ಕಡಿಮೆ ಆಳದ ಜಾಗವೇ ಆಗಬೇಕು. ಒಂದು ಕಡೆ ಕಲ್ಲು, ಇನ್ನೊಂದು ಕಡೆ ಕೆಸರಿನ ಗುಂಡಿ ನೋಡಿದರೆ ಹುಳ ಹೇಗೂ ಬೇರೆಯೇ ಸಿಗುತ್ತವೆ, ಹೋಲಿಕೆ ಸುಮ್ನೆ ವ್ಯರ್ಥ. ಮೊದಲು ಕೆಳಗಿನ ಜಾಗ ಮುಗಿಸಿ. ಮೇಲೆ ಕಲಕಿದ್ದು ಕೆಳಗೆ ಬರುತ್ತದಲ್ವಾ?

ಸಾಮಾನು ಮನೆಯಲ್ಲೇ ಇರುತ್ತದೆ: ಸಣ್ಣ ಕಣ್ಣಿನ ಜರಡಿ ಇಲ್ಲವೇ ಎರಡು ಕೋಲಿಗೆ ಕಟ್ಟಿದ ಹಳೇ ಸೊಳ್ಳೆ ಪರದೆ, ಬಿಳಿ ಟ್ರೇ, ಚಮಚ, ಭೂತಗನ್ನಡಿ. ಉಂಬಳಕ್ಕೆ (ಜಿಗಣೆಗೆ) ಹೆದರಿ ಕಾಲಿಗೆ ಸುಣ್ಣ ಬಳಿದುಕೊಂಡು ನೀರಿಗೆ ಇಳಿಯಬೇಡಿ, ಉದ್ದ ಕಾಲುಚೀಲ ಹಾಕಿ. (ಬೆಟ್ಟದಲ್ಲಿ ಕಾಲಿಗೆ ಹತ್ತುವ ಉಂಬಳಕ್ಕೂ ಹಳ್ಳದ ಆರೋಗ್ಯಕ್ಕೂ ಸಂಬಂಧ ಇಲ್ಲ.)

ಪರದೆಯನ್ನು ಹರಿವಿಗೆ ಅಡ್ಡ ಹಿಡಿಯಿರಿ. ಅದರ ಮುಂದೆ, ನೀರು ಬರುವ ಕಡೆ, ಒಂದು ಮಾರು ಜಾಗದ ಕಲ್ಲುಗಳನ್ನು ಕೈಯಲ್ಲಿ ಉಜ್ಜಿ, ಆಮೇಲೆ ತಳವನ್ನು ಕಾಲಲ್ಲಿ ಎರಡು ನಿಮಿಷ ಕೆದಕಿ. ಬಂದಿದ್ದನ್ನೆಲ್ಲ ಟ್ರೇಯ ನೀರಿಗೆ ಹಾಕಿ, ಅಲ್ಲಾಡಿಸದೆ ಸ್ವಲ್ಪ ಹೊತ್ತು ಬಿಡಿ. ಕಸ ಅಂದುಕೊಂಡದ್ದು ನಡೆಯಲು ಶುರುಮಾಡುತ್ತದೆ.

ಮೊದಲು ಹುಡುಕಬೇಕಾದದ್ದು ಸ್ಟೋನ್‌ಫ್ಲೈ ಎಂಬ ಹಾರುವ ಕೀಟದ ಮರಿ. ಬಾಲ ಎರಡು, ಪ್ರತಿ ಕಾಲಿನ ತುದಿಯಲ್ಲಿ ಉಗುರೂ ಎರಡು. ನೀರಲ್ಲಿ ಆಮ್ಲಜನಕ ಸ್ವಲ್ಪ ಕಡಿಮೆಯಾದರೂ ಇದು ತಡೆದುಕೊಳ್ಳುವುದಿಲ್ಲ. ಮೇಫ್ಲೈ ಮರಿಗೆ ಸಾಮಾನ್ಯವಾಗಿ ಬಾಲ ಮೂರು, ಕೆಲವಕ್ಕೆ ಎರಡೇ. ಗೊಂದಲವಾದರೆ ಹೊಟ್ಟೆಯ ಪಕ್ಕ ನೋಡಿ: ಎಲೆಯಂಥ ಕಿವಿರು ಪಟಪಟ ಆಡುತ್ತಿದ್ದರೆ ಅದು ಮೇಫ್ಲೈ, ಅದರ ಕಾಲಿಗೆ ಉಗುರೂ ಒಂದೇ. ಮೂರನೆಯದು ಕ್ಯಾಡಿಸ್‌ಫ್ಲೈ ಮರಿ. ಇದರ ಜಾತಿಯಲ್ಲಿ ಹಲವು ಮರಳು, ಎಲೆಚೂರು ಅಂಟಿಸಿಕೊಂಡು ಕೊಳವೆಯಂಥ ಮನೆ ಕಟ್ಟಿ ಅದರೊಳಗೇ ಇರುತ್ತವೆ. ಈ ಮೂರೂ ಒಟ್ಟಿಗೆ, ಬೇರೆಬೇರೆ ಆಕಾರದಲ್ಲಿ ಸಿಕ್ಕರೆ ಹಳ್ಳ ಗಟ್ಟಿಯಾಗಿದೆ.

ಏಡಿ, ಏರೋಪ್ಲೇನ್ ಚಿಟ್ಟೆಯ ಮರಿ ಮಧ್ಯಮ ದರ್ಜೆಯವು. ಕೆಂಪು ದಾರದಂಥ ಹುಳ ಒಂದೆರಡು ಎಲ್ಲ ಕಡೆಯೂ ಇರುತ್ತವೆ. ಅವುಗಳ ಮೈಯಲ್ಲೂ ಹಿಮೋಗ್ಲೋಬಿನ್ ಇದೆ, ಉಸಿರಿಲ್ಲದ ಕೆಸರಲ್ಲೂ ಬದುಕುತ್ತವೆ. ಟ್ರೇ ತುಂಬ ಅವೇ ಇದ್ದರೆ ಮಾತ್ರ ಚಿಂತೆ. ನೀರಿನ ಮೇಲೆ ಜಾರುವ ಉದ್ದ ಕಾಲಿನ ಹುಳಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವು ಉಸಿರಾಡುವುದು ಮೇಲಿನ ಗಾಳಿ.

ಹುಳದ ಕುಟುಂಬಗಳಿಗೆ 1ರಿಂದ 10ರವರೆಗೆ ಅಂಕ ಕೊಡುವ ಪದ್ಧತಿ ಬ್ರಿಟನ್ನಿನಲ್ಲಿ ಹುಟ್ಟಿದ್ದು, ಹೆಸರು ಬಿಎಂಡಬ್ಲ್ಯೂಪಿ. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಅದನ್ನು ಇಲ್ಲಿಗೆ ಹೊಂದಿಸಿಕೊಂಡಿದೆ. ಆದರೆ ಒಂದೇ ಹಳ್ಳದ ಮೇಲೂ ಕೆಳಗೂ ಎಷ್ಟು ಬಗೆ ಸಿಕ್ಕವು ಎಂದು ಬರೆದಿಟ್ಟರೆ ಬೆಳೆಗಾರನಿಗೆ ಅದೇ ಜಾಸ್ತಿ ಉಪಯೋಗ.

ಹರಿವನ್ನೂ ಅಳೆದಿಡಿ. ಒಣ ಅಡಿಕೆ ಸಿಪ್ಪೆ ತೇಲಿಬಿಟ್ಟು 10 ಮೀಟರ್ ದಾಟಲು ಎಷ್ಟು ಸೆಕೆಂಡ್ ಬೇಕು ನೋಡಿ. 25 ಸೆಕೆಂಡ್ ಅಂದರೆ ವೇಗ ಸೆಕೆಂಡಿಗೆ 0.4 ಮೀಟರ್. ಅಗಲ 2 ಮೀಟರ್, ಸರಾಸರಿ ಆಳ 20 ಸೆಂಟಿಮೀಟರ್ (0.2 ಮೀಟರ್) ಇದ್ದರೆ ಮೂರನ್ನೂ ಗುಣಿಸಿ, ತಳದಲ್ಲಿ ನೀರು ನಿಧಾನ ಆದ್ದರಿಂದ 0.85ರಿಂದ ಮತ್ತೆ ಗುಣಿಸಿ. ಸೆಕೆಂಡಿಗೆ 0.136 ಘನ ಮೀಟರ್, ಅಂದರೆ ಸುಮಾರು 136 ಲೀಟರ್.

ಮಳೆ ಶುರುವಾದ ಮೇಲೆ ದಡದಿಂದಲೇ ನೋಡಬಹುದಾದ ಇನ್ನೊಂದು ಗುರುತಿದೆ. ನೀರಿನ ಮೇಲೆ ಬಾಗಿದ ಕಡ್ಡಿ, ಎಲೆಗಳಿಗೆ ಕೆಸರು ಮೆತ್ತಿದ ಮೊಟ್ಟೆ ಕಂಡರೆ ಅದು ಕುಂಬಾರ ಕಪ್ಪೆಯದು. ನಮ್ಮ ತಾಲ್ಲೂಕಿನ ಕತ್ತಲೆಕಾನು ಕಾಡಿನ ಈ ಕಪ್ಪೆಗೆ ವಿಜ್ಞಾನಿಗಳು ಹೆಸರಿಟ್ಟಿದ್ದು 2014ರಲ್ಲಿ. ಗಂಡು ಕೈಯಲ್ಲಿ ಕೆಸರು ತಂದು ಮೊಟ್ಟೆಗೆ ಬಳಿಯುತ್ತದೆ. ದಡದ ಮರ ಕಡಿದರೆ ಮೊಟ್ಟೆ ಇಡಲು ಅದಕ್ಕೆ ಇಂಥ ಕಡ್ಡಿ, ಎಲೆ ಸಿಗುವುದಿಲ್ಲ.

ಮೇಲೆ ಬಗೆಬಗೆ ಹುಳ, ಕೆಳಗೆ ಬರೀ ಕೆಂಪು ಹುಳ ಎಂದಾದರೆ ನಡುವಿನ ದಡದಲ್ಲಿ ನಡೆಯಿರಿ. ಕೊಟ್ಟಿಗೆ ನೀರು, ಬಟ್ಟೆ ಒಗೆಯುವ ಕಲ್ಲು, ದಡದಲ್ಲಿ ಕೊಳೆಯುವ ಸಿಪ್ಪೆ ರಾಶಿ, ಯಾವುದಾದರೂ ಸಿಗುತ್ತದೆ. ಕೆಂಪು ಹುಳವೂ ಸೇರಿ ಎಲ್ಲವೂ ವಿರಳವಾಗಿದ್ದರೆ ನನಗೆ ಮೊದಲ ಅನುಮಾನ ಮದ್ದಿನ ಮೇಲೆ. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋದಲ್ಲಿ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್) ಇರುತ್ತದೆ. ತಾಮ್ರ ನೀರಿನ ಜೀವಿಗಳಿಗೆ ವಿಷ. ಮದ್ದು ಹೊಡೆದ ಡ್ರಮ್ಮು, ಪೈಪನ್ನು ಹಳ್ಳದಲ್ಲಿ ತೊಳೆಯುವುದು ನಿಲ್ಲಿಸಿ, ಮುಂದಿನ ವರ್ಷ ಅದೇ ತಿಂಗಳು, ಅದೇ ಜಾಗದಲ್ಲಿ ಮತ್ತೆ ನೋಡಿ.

ನೋಡಿಯಾದ ಮೇಲೆ ಹುಳಗಳನ್ನು ವಾಪಸ್ ನೀರಿಗೆ ಬಿಡಿ. ಆಮೇಲೆ ಒಂದು ಮಾತು: ಸ್ಟೋನ್‌ಫ್ಲೈ ಸಿಕ್ಕಿತು ಎಂದು ಆ ನೀರು ಕುಡಿಯಬೇಡಿ. ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ಹುಳ ಹೇಳುವುದಿಲ್ಲ. ಅದಕ್ಕೆ ಲ್ಯಾಬಿಗೇ ಕೊಡಬೇಕು.