ಮಳೆಗಾಲದಲ್ಲಿ ಬೈಕ್ ಸ್ಟಾರ್ಟ್ ಆಗದಿದ್ದರೆ ನಾನು ಮಾಡುವುದು

ನನ್ನದು ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಇರುವ ಹಳೆಯ 100 ಸಿಸಿ ಬೈಕ್. ತೀರ್ಥಹಳ್ಳಿ ಕಡೆಯ ಮಳೆಯಲ್ಲಿ ರಾತ್ರಿಯಿಡೀ ಹೊರಗೆ ನಿಂತರೆ ಬೆಳಿಗ್ಗೆ ಹಠ ಹಿಡಿಯುತ್ತದೆ. ಆಗ ಸುಮ್ನೆ ಕಿಕ್ ಹೊಡೆಯುತ್ತಾ ಇರುವುದಿಲ್ಲ. ಕಿಡಿ ಬರ್ತಿದೆಯಾ, ಪೆಟ್ರೋಲ್ ಬರ್ತಿದೆಯಾ ಅಂತ ನೋಡುತ್ತೇನೆ.

ಮೊದಲು ಇಂಜಿನ್ನಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಎಳೆದು, ಒಳಗೆ ಹೊರಗೆ ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ಅಲ್ಲಿ ನೀರಿನ ಪಸೆ ಇದ್ದರೆ ಕರೆಂಟು ಕಿಡಿಯಾಗುವ ಮೊದಲೇ ಇಂಜಿನ್ ಮೈಗೆ ಸೋರಿಹೋಗುತ್ತದೆ. ಎಷ್ಟೋ ಸಲ ಇಷ್ಟಕ್ಕೇ ಗಾಡಿ ಎದ್ದುಬಿಡುತ್ತದೆ.

ಆಗದಿದ್ದರೆ ಪ್ಲಗ್ ಬಿಚ್ಚುತ್ತೇನೆ. ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ಆರೋಗ್ಯ. ಒಣ ಮಸಿ ಹಿಡಿದಿದ್ದರೆ ಏರ್ ಫಿಲ್ಟರ್ ಕಟ್ಟಿರಬಹುದು, ಇಲ್ಲವೇ ಚೋಕ್ (ತಣ್ಣಗಿನ ಇಂಜಿನ್ ಎಬ್ಬಿಸಲು ಗಾಳಿ ಕಡಿಮೆ ಮಾಡುವ ಲಿವರ್) ಎಳೆದೇ ಓಡಿಸಿರಬಹುದು. ಪೆಟ್ರೋಲಿನಲ್ಲಿ ತೊಯ್ದಿದ್ದರೆ ಒರೆಸಿ ಒಣಗಿಸಬೇಕು. ಆಮೇಲೆ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಇಂಜಿನ್‌ಗೆ ತಾಗಿಸಿ ಕಿಕ್ ಹೊಡೆದರೆ ನೀಲಿ ಕಿಡಿ ಚಟ್ ಅನ್ನಬೇಕು. ಪ್ಲಗ್ ತೆಗೆದ ತೂತಿನಿಂದ ದೂರ ಹಿಡಿಯಿರಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತದೆ. ಕೈ ಕ್ಯಾಪಿನ ಮೇಲಿರಲಿ, ಪ್ಲಗ್ಗಿನ ಮೇಲಲ್ಲ.

ಕಿಡಿ ಚೆನ್ನಾಗಿದ್ದರೆ ಅನುಮಾನ ಕಾರ್ಬೊರೇಟರ್ ಮೇಲೆ. ಅದರ ತಳದ ಡ್ರೇನ್ ಸ್ಕ್ರೂ ಸಡಿಲಿಸಿ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸುತ್ತೇನೆ. ನೀರು ಸೇರಿದ್ದರೆ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದಲ್ವಾ, ಅದು ನೀರನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎರಡೂ ಕೂಡಿ ತಳಕ್ಕೆ ಇಳಿಯುತ್ತವೆ. ಹಾಗಾಗಿ ಮಳೆಗಾಲದಲ್ಲಿ ಗಾಡಿಯನ್ನು ತುಂಬಾ ದಿನ ನಿಲ್ಲಿಸುವುದಿದ್ದರೆ ಟ್ಯಾಂಕ್ ತುಂಬಿಸಿಯೇ ಇಡುತ್ತೇನೆ. ಖಾಲಿ ಜಾಗ ಇದ್ದಷ್ಟೂ ತೇವದ ಗಾಳಿ ಒಳಗೆ ಸೇರುತ್ತದೆ.

ಸ್ಕ್ರೂ ಬಿಚ್ಚಿದಾಗ ಪೆಟ್ರೋಲ್ ಸ್ವಲ್ಪ ಬಂದು ನಿಂತುಹೋದರೆ ಟ್ಯಾಂಕಿನ ಮುಚ್ಚಳ ತೆರೆದು ನೋಡಿ. ಮತ್ತೆ ಹರಿಯತೊಡಗಿದರೆ ಮುಚ್ಚಳದ ಗಾಳಿತೂತು ಮಣ್ಣಿನಿಂದ ಮುಚ್ಚಿದೆ ಎಂದರ್ಥ. ಸ್ವಲ್ಪ ದೂರ ಓಡಿ ನಿಂತುಬಿಡುವ ಗಾಡಿಗೂ ಇದೇ ಕಾಯಿಲೆ ಇರಬಹುದು.

ಮಳೆ ಕೆಡಿಸುವ ಇನ್ನೊಂದು ಭಾಗ ಚೈನ್. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, 90 ನಂಬರ್ ಗಿಯರ್ ಆಯಿಲ್ ಹಚ್ಚುತ್ತೇನೆ. ಇಂಜಿನ್ ಓಡುತ್ತಿರುವಾಗ ಬಟ್ಟೆ ಹಿಡಿದು ಚೈನ್ ಒರೆಸುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ, ಬೆರಳು ಚೈನ್ ಕೂರುವ ಹಲ್ಲಿನ ಚಕ್ರಕ್ಕೆ (ಸ್ಪ್ರಾಕೆಟ್) ಸಿಕ್ಕರೆ ಮುಗಿಯಿತು. ಚೈನಿನ ಸಡಿಲ, ಅಂದರೆ ನಡುವೆ ಮೇಲೆ ಕೆಳಗೆ ಆಡುವ ಅಳತೆ, ಸಣ್ಣ ಬೈಕುಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಚಕ್ರ ತಿರುಗಿಸುತ್ತಾ ಚೈನ್ ಅತಿ ಬಿಗಿಯಿರುವ ಜಾಗದಲ್ಲೇ ಅಳೆಯಬೇಕು. ಬಿಗಿ ಮಾಡಲು ಚಕ್ರ ಹಿಂದಕ್ಕೆ ಎಳೆದಾಗ ಡ್ರಮ್ ಬ್ರೇಕೂ ಬಿಗಿಯಾಗುತ್ತದೆ, ಆದ್ದರಿಂದ ಅದರ ನಟ್ಟನ್ನೂ ನೋಡಿಕೊಳ್ಳಿ.